ವಿಹಾರ ಹಡಗುಗಳಲ್ಲಿ ಭಕ್ಷೀಸು

ವಿಹಾರ ಹಡಗುಗಳಲ್ಲಿ ಭಕ್ಷೀಸು ಎಂದರೆ ಕ್ರೂಸ್ ಎಂದು ಕರೆಯಲಾಗುವ ಸಮುದ್ರ ವಿಹಾರದ ಪ್ರಯಾಣಿಕರು ಹಡಗಿನ ಸಿಬ್ಬಂದಿಗೆ ಪ್ರಯಾಣದರದ ಹೊರತಾಗಿ ಕೊಡುವ ಹಣ. ಮೊದಲು ಇದು ಪ್ರಯಾಣದ ಕೊನೆಯ ರಾತ್ರಿ ಲಕೋಟೆಯಲ್ಲಿಟ್ಟು ಕೈಗೆ ಕೊಡುವ ಕಾಣಿಕೆಯಾಗಿತ್ತು. ಇಂದು ದೊಡ್ಡ ಹಡಗು ಕಂಪನಿಗಳಲ್ಲಿ ಹೆಚ್ಚಿನವು ಇದನ್ನು ತಲೆಗಿಷ್ಟು, ದಿನಕ್ಕಿಷ್ಟು ಎಂದು ನಿಗದಿ ಮಾಡಿ ಪ್ರಯಾಣಿಕರ ಖಾತೆಗೆ ತಾವೇ ಬರೆಯುತ್ತವೆ. ಹೆಸರಿಗೆ ಐಚ್ಛಿಕವಾಗಿದ್ದರೂ ಅನೇಕ ಸಿಬ್ಬಂದಿಯ ಆದಾಯದಲ್ಲಿ ಇದರ ಪಾಲು ದೊಡ್ಡದು. ಆದುದರಿಂದ ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಒಮ್ಮೆ ಹಡಗು ಹತ್ತುವ ಕುಟುಂಬಕ್ಕೂ, ಮನೆಗೆ ಹಣ ಕಳುಹಿಸಲೆಂದು ಅದೇ ಹಡಗಿನಲ್ಲಿ ದುಡಿಯುವ ಪರಿಚಾರಕನಿಗೂ ಈ ಮೊತ್ತ ಲಘುವಾಗಿ ಕಾಣುವಂಥದಲ್ಲ.

ಪದ ಮತ್ತು ಹಿನ್ನೆಲೆ

ಭಕ್ಷೀಸು ಎಂಬ ಪದ ಪಾರಸಿಯಿಂದ ಬಂದದ್ದು. ಕೊಡುವುದು, ದಯಪಾಲಿಸುವುದು ಎಂಬ ಅರ್ಥದ ಧಾತು ಅದರ ಮೂಲ. ಕನ್ನಡದಲ್ಲಿ ಬಕ್ಷೀಸು ಎಂಬ ರೂಪವೂ ಉಂಟು. ಇನಾಮು ಎಂಬ ಪದವೂ ಹಿಂದೆ ಇದೇ ಅರ್ಥದಲ್ಲಿ ಬಳಕೆಯಲ್ಲಿತ್ತು. ಹೋಟೆಲುಗಳ ಮಾತಿನಲ್ಲಿ ಈಗ ಟಿಪ್ಸ್ ಎಂಬುದೇ ರೂಢಿ. ಈ ಎಲ್ಲ ಪದಗಳಲ್ಲಿಯೂ ಕೊಡುವವನ ಸಂತೋಷವೇ ಮುಂದಾಗಿದೆ, ಪಡೆಯುವವನ ಹಕ್ಕಿನ ಸೂಚನೆ ಇಲ್ಲ. ವಿಹಾರ ಹಡಗುಗಳಲ್ಲಿ ಎದ್ದಿರುವ ಗೊಂದಲದ ಬೇರು ಒಂದು ರೀತಿಯಲ್ಲಿ ಇಲ್ಲಿಯೇ ಇದೆ ಎನ್ನಬಹುದು.

20ನೆಯ ಶತಮಾನದ ಆರಂಭದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಪ್ರಯಾಣಿಕ ಹಡಗುಗಳಲ್ಲಿ ಸ್ಟೀವರ್ಡರ ಸಂಬಳ ಅತ್ಯಲ್ಪವಾಗಿದ್ದು, ಅವರು ಮೊದಲ ದರ್ಜೆಯ ಪ್ರಯಾಣಿಕರ ಭಕ್ಷೀಸನ್ನೇ ನೆಚ್ಚಿದ್ದರು. ವಿಮಾನಯಾನ ಬಂದ ಮೇಲೆ ಸಾಗರ ದಾಟುವ ಹಡಗುಗಳು ಮೂಲೆ ಸೇರಿದವು. ವಿಹಾರಕ್ಕೆಂದೇ ಕಟ್ಟಿದ ಹಡಗುಗಳು ಮುಂದೆ ಬಂದವು. ಅವುಗಳಲ್ಲಿಯೂ ಪದ್ಧತಿ ಮೊದಲಿನಂತೆಯೇ ಮುಂದುವರಿಯಿತು. ಪ್ರತಿ ಕುಟುಂಬಕ್ಕೂ ಊಟದ ಮನೆಯಲ್ಲಿ ಗೊತ್ತಾದ ಮೇಜು, ಗೊತ್ತಾದ ವೇಟರ್, ಅವನಿಗೊಬ್ಬ ಸಹಾಯಕ. ವಾರವಿಡೀ ಅವರೇ ಬಡಿಸಿದ ಮೇಲೆ ಕೊನೆಯ ರಾತ್ರಿ ಅವರಿಗೊಂದು, ಕೋಣೆಯ ಸ್ಟೀವರ್ಡನಿಗೊಂದು, ಹೆಡ್ ವೇಟರನಿಗೊಂದು ಲಕೋಟೆ ಕೊಡುವುದು ವಾಡಿಕೆ. ಆ ರಾತ್ರಿ ಊಟದ ಮನೆಗೆ ಬಾರದೆ ತಪ್ಪಿಸಿಕೊಳ್ಳುವವರೂ ಇದ್ದರು!

2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿಯು ಗೊತ್ತಾದ ಮೇಜು, ಗೊತ್ತಾದ ವೇಳೆಯ ಕಟ್ಟಳೆಯನ್ನು ಸಡಿಲಿಸಿ, ಇಷ್ಟಬಂದ ಕಡೆ ಇಷ್ಟಬಂದಾಗ ಉಣ್ಣುವ ವ್ಯವಸ್ಥೆಯನ್ನು ತಂದಿತು. ಇತರ ಕಂಪನಿಗಳೂ ಇದೇ ದಾರಿ ಹಿಡಿದವು. ದಿನಕ್ಕೊಬ್ಬ ವೇಟರ್ ಬಡಿಸುವಾಗ ಲಕೋಟೆ ಯಾರ ಕೈಗೆ ಎಂಬ ಪ್ರಶ್ನೆ ಹುಟ್ಟಿತು. ಖಾತೆಗೆ ತಾನಾಗಿ ಬರೆದುಕೊಳ್ಳುವ ದಿನವಹಿ ಶುಲ್ಕ ಅದಕ್ಕೆ ಉತ್ತರವಾಗಿ ಬೆಳೆಯಿತು.

ದಿನವಹಿ ಶುಲ್ಕ

2020ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮಾರುಕಟ್ಟೆಯ ದೊಡ್ಡ ಕಂಪನಿಗಳು ಸಾಮಾನ್ಯ ಕೋಣೆಯ ಪ್ರತಿ ಪ್ರಯಾಣಿಕನಿಗೆ ದಿನವೊಂದಕ್ಕೆ ಸುಮಾರು 16ರಿಂದ 20 ಡಾಲರುಗಳನ್ನು ಈ ಬಾಬಿನಲ್ಲಿ ವಿಧಿಸುತ್ತಿವೆ. ಸೂಟ್ ಎನಿಸುವ ದೊಡ್ಡ ಕೋಣೆಗಳಿಗೆ ದರ ಇನ್ನೂ ಹೆಚ್ಚು. ಮಕ್ಕಳಿಗೂ ಬಹುತೇಕ ಪೂರ್ಣ ದರವೇ ಅನ್ವಯಿಸುತ್ತದೆ. ಎಳೆಗೂಸುಗಳಿಗೆ ಮಾತ್ರ ಕೆಲವು ಕಂಪನಿಗಳು ವಿನಾಯಿತಿ ಕೊಡುತ್ತವೆ. ಈ ಹಣ ಒಂದು ಸಾಮಾನ್ಯ ನಿಧಿಗೆ ಸೇರಿ ಕೋಣೆಯ ಪರಿಚಾರಕರು, ವೇಟರುಗಳು, ಅವರ ಸಹಾಯಕರು ಇವರಲ್ಲಿ ಹಂಚಿಹೋಗುತ್ತದೆ. ಪ್ರಯಾಣಿಕರ ಕಣ್ಣಿಗೆ ಬೀಳದ ಬಟ್ಟೆ ಒಗೆಯುವ, ಅಡುಗೆಮನೆಯ ಪಾತ್ರೆ ತೊಳೆಯುವ ಕೆಲಸಗಾರರಿಗೂ ಹಲವು ಕಂಪನಿಗಳಲ್ಲಿ ಪಾಲುಂಟು. ಹಳೆಯ ಲಕೋಟೆಯ ಪದ್ಧತಿಯಲ್ಲಿ ಇವರ ಕೈಗೆ ಏನೂ ಬರುತ್ತಿರಲಿಲ್ಲ ಎಂಬುದನ್ನು ನೆನೆದರೆ ಇದು ಹೊಸ ಪದ್ಧತಿಯ ಒಂದು ಗುಣವೇ ಸರಿ.

ಇದಲ್ಲದೆ ಮದ್ಯ, ತಂಪು ಪಾನೀಯ, ಸ್ಪಾ ಮುಂತಾದವುಗಳ ಬಿಲ್ಲಿಗೆ ಶೇ. 18ರಿಂದ 20ರಷ್ಟು ಸೇವಾಶುಲ್ಕ ತಾನಾಗಿ ಸೇರುತ್ತದೆ. ಅದೇ ಬಿಲ್ಲಿನ ಕೆಳಗೆ ಹೆಚ್ಚುವರಿ ಭಕ್ಷೀಸು ಬರೆಯಲು ಮತ್ತೊಂದು ಖಾಲಿ ಜಾಗ ಇರುವುದುಂಟು. ಹೊಸಬರು ಅದನ್ನು ಕಡ್ಡಾಯವೆಂದು ತಿಳಿದು ಎರಡು ಸಲ ಕೊಟ್ಟುಬಿಡುತ್ತಾರೆ. ಆ ಜಾಗವನ್ನು ಖಾಲಿ ಬಿಡುವುದರಲ್ಲಿ ತಪ್ಪೇನೂ ಇಲ್ಲ.

ಎಲ್ಲೆಡೆಯೂ ಇದೇ ಕ್ರಮವಿಲ್ಲ. ಬ್ರಿಟನ್ನಿನ ಪಿ ಆ್ಯಂಡ್ ಒ ಕ್ರೂಸಸ್ 2019ರಲ್ಲಿ ದಿನವಹಿ ಭಕ್ಷೀಸನ್ನು ಪ್ರಯಾಣದರದಲ್ಲಿಯೇ ಸೇರಿಸಿತು. ಅದೇ ದೇಶದ ಮರೆಲ್ಲಾ ಕ್ರೂಸಸ್, ಐಷಾರಾಮಿ ಹಡಗುಗಳ ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್ ಕಂಪನಿಗಳೂ ಪ್ರತ್ಯೇಕವಾಗಿ ವಸೂಲು ಮಾಡುವುದಿಲ್ಲ. ಬ್ರಿಟನ್ನಿನ ಜನರಿಗೆ ಶೇಕಡಾವಾರು ಭಕ್ಷೀಸಿನ ಅಮೆರಿಕನ್ ರೂಢಿ ಒಗ್ಗದಿದ್ದುದೂ ಇದಕ್ಕೆ ಒಂದು ಕಾರಣವೆನ್ನಬಹುದು.

ಸಿಬ್ಬಂದಿಯ ದುಡಿಮೆ ಮತ್ತು ಕಾನೂನು

ವಿಹಾರ ಹಡಗುಗಳ ಊಟ ಮತ್ತು ವಸತಿ ವಿಭಾಗಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ ಮತ್ತು ಭಾರತದವರು ಬಹುಸಂಖ್ಯೆಯಲ್ಲಿ ದುಡಿಯುತ್ತಾರೆ. ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಆ ಅವಧಿಯಲ್ಲಿ ವಾರದ ರಜೆ ಎಂಬುದು ಬಹುಮಟ್ಟಿಗೆ ಇಲ್ಲ. ಊಟ, ವಸತಿಗೆ ಖರ್ಚಿಲ್ಲದ ಕಾರಣ ಗಳಿಕೆಯ ಹೆಚ್ಚಿನ ಭಾಗವನ್ನು ಊರಿಗೆ ಕಳುಹಿಸಲು ಸಾಧ್ಯವಾಗುತ್ತದೆ.

ಹಡಗಿಗೆ ಅದು ನೋಂದಣಿಯಾದ ದೇಶದ ಕಾನೂನು ಅನ್ವಯಿಸುತ್ತದೆ. ಫ್ಲಾರಿಡಾದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾ ಅಥವಾ ಮಾಲ್ಟಾದ ಧ್ವಜ ಹೊತ್ತಿರುತ್ತವೆ. ಆದುದರಿಂದ ಅಮೆರಿಕದ ಕನಿಷ್ಠ ವೇತನ ಅವುಗಳ ವಿದೇಶಿ ಸಿಬ್ಬಂದಿಗೆ ದೊರೆಯುವುದಿಲ್ಲ. ಹವಾಯಿ ದ್ವೀಪಗಳಲ್ಲಿ ಸಂಚರಿಸುವ ಪ್ರೈಡ್ ಆಫ್ ಅಮೆರಿಕ ಎಂಬ ದೊಡ್ಡ ಹಡಗು ಇದಕ್ಕೆ ಅಪವಾದ. ಅದು ಅಮೆರಿಕದ ಧ್ವಜದ ಹಡಗಾಗಿರುವುದರಿಂದ ಅಲ್ಲಿನ ಕಾರ್ಮಿಕ ಕಾನೂನಿಗೆ ಒಳಪಟ್ಟಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಡಂಬಡಿಕೆಯು 2013ರ ಆಗಸ್ಟ್ 20ರಂದು ಜಾರಿಗೆ ಬಂದಿತು. ಭಾರತ ಇದನ್ನು 2015ರಲ್ಲಿ ಅನುಮೋದಿಸಿತು. ಇದರ ಪ್ರಕಾರ ಕೆಲಸದ ಅವಧಿ 24 ಗಂಟೆಗಳಲ್ಲಿ 14 ಗಂಟೆಯನ್ನೂ ಏಳು ದಿನಗಳಲ್ಲಿ 72 ಗಂಟೆಯನ್ನೂ ಮೀರಬಾರದು. ಇಲ್ಲವೇ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆಯ ವಿಶ್ರಾಂತಿ ದೊರೆಯಬೇಕು. ವೇತನವನ್ನು ತಿಂಗಳಿಗೊಮ್ಮೆಯಾದರೂ ಲೆಕ್ಕಪತ್ರದೊಡನೆ ಪಾವತಿಸಬೇಕೆಂದೂ ಅದು ಹೇಳುತ್ತದೆ. ಆದರೆ ಆ ಗಳಿಕೆಯಲ್ಲಿ ಭಕ್ಷೀಸಿನ ಪಾಲು ಎಷ್ಟಿರಬಹುದೆಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. 2020ರಲ್ಲಿ ಕೋವಿಡ್‌ನಿಂದ ವಿಹಾರ ಸಂಚಾರ ನಿಂತಾಗ ಸಾವಿರಾರು ಸಿಬ್ಬಂದಿ ಊರಿಗೆ ಮರಳಲಾಗದೆ ಖಾಲಿ ಹಡಗುಗಳಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಪ್ರಯಾಣಿಕರಿಲ್ಲದ ಹಡಗಿನಲ್ಲಿ ಭಕ್ಷೀಸು ಎಲ್ಲಿಂದ ಬಂದೀತು?

ಕೈ ಬಿಗಿಯಾಗಿರುವ ಪ್ರಯಾಣಿಕರ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಬೇರೆ, ಹಡಗಿನಿಂದ ಇಳಿಯುವಾಗ ಕೈಗೆ ಬರುವ ಬಿಲ್ಲೇ ಬೇರೆ. ಉದಾಹರಣೆಗೆ ತಂದೆ, ತಾಯಿ, ಇಬ್ಬರು ಮಕ್ಕಳ ಕುಟುಂಬವೊಂದು ದಿನಕ್ಕೆ ತಲಾ 18 ಡಾಲರಿನ ದರದಲ್ಲಿ ಏಳು ರಾತ್ರಿಗಳ ವಿಹಾರಕ್ಕೆ ಹೋದರೆ ಭಕ್ಷೀಸಿನ ಬಾಬು ಒಂದೇ 504 ಡಾಲರ್ ಆಗುತ್ತದೆ. ಡಾಲರಿಗೆ 85 ರೂಪಾಯಿಯಂತೆ ಎಣಿಸಿದರೆ ಇದು 42,840 ರೂಪಾಯಿ. ರಿಯಾಯಿತಿಯಲ್ಲಿ ದೊರೆತ ಅಗ್ಗದ ಕೋಣೆಯಾದರೆ ಕೆಲವೊಮ್ಮೆ ಒಬ್ಬರ ಪ್ರಯಾಣದರಕ್ಕೆ ಇದು ಸಮನಾಗಬಹುದು. ಭಾರತದ ಕಾರ್ಡಿನಿಂದ ಡಾಲರಿನಲ್ಲಿ ಪಾವತಿಸುವವರಿಗೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವೂ ಮೇಲೆ ಬೀಳುತ್ತದೆ.

ಆದುದರಿಂದ ಭಕ್ಷೀಸನ್ನು ಟಿಕೆಟ್ಟಿನ ಬೆಲೆಯ ಅಂಗವೆಂದೇ ಭಾವಿಸಿ, ಕಾಯ್ದಿರಿಸುವ ಮೊದಲೇ ಕೂಡಿಸಿ ನೋಡುವುದು ಸರಿಯಾದ ಕ್ರಮ. ಕೂಡಿಸಿದ ಮೊತ್ತ ಕೈಮೀರಿದರೆ ಏಳು ರಾತ್ರಿಯ ಬದಲು ನಾಲ್ಕು ರಾತ್ರಿಯ ಪ್ರಯಾಣವನ್ನೋ, ಕಿಟಕಿಯಿಲ್ಲದ ಒಳಗೋಣೆಯನ್ನೋ, ಭಕ್ಷೀಸು ದರದಲ್ಲಿಯೇ ಸೇರಿರುವ ಕಂಪನಿಯನ್ನೋ ಆರಿಸಿಕೊಳ್ಳಬಹುದು. ಹಲವು ಕಂಪನಿಗಳು ಭಕ್ಷೀಸನ್ನು ಮುಂಗಡವಾಗಿ ಕಟ್ಟಲು ಅವಕಾಶ ಕೊಡುತ್ತವೆ. ಹೀಗೆ ಕಟ್ಟಿದವರು ಮುಂದೆ ದರ ಏರಿದರೂ ಸಾಮಾನ್ಯವಾಗಿ ಹಳೆಯ ದರದಲ್ಲಿಯೇ ಪಾರಾಗುತ್ತಾರೆ. ಕೊನೆಯ ದಿನದ ಬಿಲ್ಲಿನ ಭಯವೂ ಇರುವುದಿಲ್ಲ. ಕಾಯ್ದಿರಿಸುವಾಗ ಉಡುಗೊರೆಯಾಗಿ ಬರುವ, ಹಡಗಿನಲ್ಲಿ ಮಾತ್ರ ಖರ್ಚುಮಾಡಬಹುದಾದ ಜಮಾ ಹಣವನ್ನು ಹಲವೆಡೆ ಈ ಬಾಬಿಗೆ ಹೊಂದಿಸಿಕೊಳ್ಳಬಹುದು.

ಉಳಿತಾಯಕ್ಕೆ ಬೇರೆ ದಾರಿಗಳೂ ಇವೆ. ದರದಲ್ಲಿ ಸೇರಿರದ ವಿಶೇಷ ಊಟದ ಮನೆಗಳು, ಮದ್ಯ, ಹಡಗಿನ ಛಾಯಾಚಿತ್ರಗಾರರು ತೆಗೆದ ಚಿತ್ರಗಳು, ಇಂಟರ್ನೆಟ್, ಕಂಪನಿಯೇ ಏರ್ಪಡಿಸುವ ತೀರದ ಪ್ರವಾಸಗಳು: ಇವು ನಿಜವಾಗಿ ಐಚ್ಛಿಕವಾದವು. ಬಂದರಿನಲ್ಲಿ ಇಳಿದು ಕಾಲ್ನಡಿಗೆಯಲ್ಲಿ ಊರು ನೋಡಿಬಂದರೆ ಒಂದೇ ದಿನದಲ್ಲಿ ಒಬ್ಬರ ವಾರದ ಭಕ್ಷೀಸಿನಷ್ಟು ಉಳಿಯುವುದು ಅಪರೂಪವೇನಲ್ಲ.

ದಿನವಹಿ ಶುಲ್ಕ ಕೊಟ್ಟ ಮೇಲೆ ಕೈಗೆ ನಗದು ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ವಿಶೇಷವಾಗಿ ನೆರವಾದವರಿಗೆ ಕೆಲವರು ಐದೋ ಹತ್ತೋ ಡಾಲರ್ ಕೊಡುತ್ತಾರೆ. ಅದೂ ಆಗದವರು ಪ್ರಯಾಣದ ಕೊನೆಯಲ್ಲಿ ಬರುವ ಅಭಿಪ್ರಾಯ ಪತ್ರದಲ್ಲಿ ಪರಿಚಾರಕನ ಹೆಸರನ್ನು ಬರೆದು ಮೆಚ್ಚುಗೆ ಸೂಚಿಸಬಹುದು. ಬಡ್ತಿ ಮತ್ತು ಮುಂದಿನ ಒಪ್ಪಂದದ ವೇಳೆ ಇಂಥ ಬರಹಕ್ಕೆ ಬೆಲೆಯಿದೆ. ಆದರೆ ಇದು ದಿನವಹಿ ಶುಲ್ಕಕ್ಕೆ ಬದಲಿಯೆಂದು ತಿಳಿಯಬಾರದು. ಮೆಚ್ಚುಗೆಯ ಮಾತನ್ನು ಮನಿಯಾರ್ಡರ್ ಮಾಡಲು ಬರುವುದಿಲ್ಲ.

ಶುಲ್ಕ ತೆಗೆಸುವ ವಿಚಾರ

ಹಲವು ಕಂಪನಿಗಳಲ್ಲಿ ಪ್ರಯಾಣಿಕರು ಹಡಗಿನ ಅತಿಥಿ ಸೇವಾ ಕಟ್ಟೆಗೆ ಹೋಗಿ ದಿನವಹಿ ಶುಲ್ಕವನ್ನು ಕಡಿಮೆ ಮಾಡಿಸಬಹುದು ಅಥವಾ ಪೂರ್ತಿಯಾಗಿ ತೆಗೆಸಬಹುದು. ಸಾಮಾನ್ಯವಾಗಿ ಇದು ಹಡಗಿನಿಂದ ಇಳಿಯುವ ಮುನ್ನವೇ ಆಗಬೇಕು. ಕೆಲವರು ಹೀಗೆ ತೆಗೆಸಿ, ತಮಗೆ ಬೇಕಾದವರಿಗೆ ಮಾತ್ರ ನಗದು ಕೊಡುತ್ತಾರೆ. ಇದರಿಂದ ಒಳಗಿನ ಕೆಲಸಗಾರರ ಪಾಲು ತಪ್ಪುತ್ತದೆ. ಶುಲ್ಕ ತೆಗೆಸಿದವರಿಂದ ಬಂದ ನಗದನ್ನು ಸಿಬ್ಬಂದಿ ಸಾಮಾನ್ಯ ನಿಧಿಗೆ ಒಪ್ಪಿಸಬೇಕೆಂಬ ನಿಯಮವೂ ಕೆಲವು ಕಂಪನಿಗಳಲ್ಲಿದೆ.

ತೆಗೆಸುವುದನ್ನು ಸಮರ್ಥಿಸುವವರ ವಾದ ಹೀಗಿದೆ: ಕೆಲಸಗಾರನಿಗೆ ಸಂಬಳ ಕೊಡುವುದು ಮಾಲೀಕನ ಕರ್ತವ್ಯ, ಪ್ರಯಾಣದರವನ್ನು ಕಡಿಮೆ ತೋರಿಸಿ, ಸಂಬಳದ ಭಾರವನ್ನು ಭಕ್ಷೀಸಿನ ಹೆಸರಿನಲ್ಲಿ ಪ್ರಯಾಣಿಕನ ಮೇಲೆ ಹೊರಿಸುವುದು ಸರಿಯಲ್ಲ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಶುಲ್ಕ ತೆಗೆಸಿದಾಗ ನಷ್ಟ ತಟ್ಟುವುದು ಮೊದಲು ನಿಧಿಯನ್ನು ಹಂಚಿಕೊಳ್ಳುವವರಿಗೆ. ವಾದದ ಗುರಿಯಾದ ಮಾಲೀಕನವರೆಗೆ ಅದು ಹೋಗಿ ಮುಟ್ಟುವುದು ಕಷ್ಟ. ಕಂಪನಿಯ ನೀತಿಯನ್ನು ಒಪ್ಪದವರಿಗೆ ದರದಲ್ಲಿಯೇ ಭಕ್ಷೀಸು ಸೇರಿಸಿದ ಕಂಪನಿಯ ಹಡಗನ್ನು ಹತ್ತುವ ದಾರಿ ತೆರೆದಿದೆ.

ಸೇವೆಯಲ್ಲಿ ಲೋಪವಿದ್ದರೆ ಅದನ್ನು ಎರಡನೆಯ ದಿನವೇ ಮೇಲ್ವಿಚಾರಕರ ಗಮನಕ್ಕೆ ತರುವುದು ಉಚಿತ. ಸರಿಪಡಿಸಲು ಅವಕಾಶ ಕೊಡದೆ ಕೊನೆಯ ರಾತ್ರಿ ಕಟ್ಟೆಯ ಮುಂದೆ ಸಾಲು ನಿಲ್ಲುವವರ ದೂರನ್ನು ಸಿಬ್ಬಂದಿಯೂ ಸಂಶಯದಿಂದಲೇ ನೋಡುತ್ತಾರೆ. ಪ್ರಯಾಣದ ನಡುವೆ ಕಾಯಿಲೆ, ಕಳವು ಮುಂತಾದ ನಿಜವಾದ ಸಂಕಟ ಒದಗಿದಾಗ ಶುಲ್ಕವನ್ನು ತಗ್ಗಿಸುವಂತೆ ಕೇಳುವುದರಲ್ಲಿ ನಾಚಿಕೆಪಡಬೇಕಾದ್ದಿಲ್ಲ; ಆ ಅವಕಾಶ ಇರುವುದೇ ಅಂಥ ಸಂದರ್ಭಗಳಿಗೆ.

ಭಾರತ ಮತ್ತು ಕರ್ನಾಟಕದ ಸಂಬಂಧ

ಗೋವಾದ ನಾವಿಕ ಮನೆತನಗಳ ಪರಂಪರೆ ಬ್ರಿಟಿಷರ ಕಾಲದ ಹಡಗುಗಳಿಂದಲೂ ಬಂದದ್ದು. ಹಡಗಿನಲ್ಲಿ ದುಡಿಯುವವನಿಗೆ ಅಲ್ಲಿನ ಕೊಂಕಣಿಯಲ್ಲಿ ತಾರ್ವೊಟಿ ಎಂಬ ಹೆಸರೇ ಇದೆ. ಮಂಗಳೂರು, ಉಡುಪಿ ಕಡೆಯ ಯುವಕರೂ ಹೋಟೆಲ್ ನಿರ್ವಹಣೆಯ ಶಿಕ್ಷಣ ಪಡೆದು ವಿಹಾರ ಹಡಗುಗಳಿಗೆ ಸೇರುತ್ತಾರೆ. ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದ್ದು, ತಂಗಿಯರ ಮದುವೆ ನಡೆದದ್ದು ಇಂಥ ದುಡಿಮೆಯಿಂದ. ಮುಂಬಯಿಯಿಂದ 2021ರಲ್ಲಿ ಆರಂಭವಾದ ಕಾರ್ಡೆಲಿಯಾ ಕ್ರೂಸಸ್ ಸಂಚಾರದಿಂದ ಭಾರತೀಯ ಮಧ್ಯಮ ವರ್ಗದವರಿಗೂ ಈ ಬಗೆಯ ಪ್ರವಾಸ ಹತ್ತಿರವಾಗಿದೆ.

ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ವಿದೇಶಿ ವಿಹಾರ ಹಡಗುಗಳು ಬರುತ್ತವೆ. ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಚಾಪೆಲ್ ಮುಂತಾದವನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಒಂದು ದಿನದ ಈ ಭೇಟಿಯಲ್ಲಿ ಟ್ಯಾಕ್ಸಿ ಚಾಲಕರಿಗೂ ಮಾರ್ಗದರ್ಶಿಗಳಿಗೂ ಸಿಗುವ ಭಕ್ಷೀಸು ಹಡಗಿನ ನಿಧಿಗೆ ಸಂಬಂಧಿಸಿದ್ದಲ್ಲ. ಅದು ನೇರವಾಗಿ ಕೈಗೆ ಬರುವಂಥದು. ವಿದೇಶಿ ನಾಣ್ಯಗಳನ್ನು ಹಣ ವಿನಿಮಯ ಕೇಂದ್ರಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಜೇಬಿನ ಚಿಲ್ಲರೆಗಿಂತ ನೋಟನ್ನೋ ರೂಪಾಯಿಯನ್ನೋ ಕೊಟ್ಟರೆ ಮಾತ್ರ ಅದು ಅವರ ಉಪಯೋಗಕ್ಕೆ ಬರುತ್ತದೆ.