ಗೈರುಹಾಜರಿಯ ತೀರ್ಪು: ‘ಡಿಫಾಲ್ಟ್’ ನಡೆದು ಬಂದ ದಾರಿ

ಸಹಕಾರ ಸಂಘದ ಸಾಲದ ಕಂತು ಕಟ್ಟದವನನ್ನು ನಮ್ಮ ಕಡೆ ‘ಸುಸ್ತಿದಾರ’ ಎನ್ನುತ್ತಾರೆ. ಬ್ಯಾಂಕಿನವರ ಬಾಯಲ್ಲಿ ಆತನೇ ‘ಡಿಫಾಲ್ಟರ್’. ಹಾಗಿರುವಾಗ ಕಂಪ್ಯೂಟರಿನಲ್ಲಿ ‘ರಿಸ್ಟೋರ್ ಡಿಫಾಲ್ಟ್ಸ್’ ಎಂಬ ಗುಂಡಿಯನ್ನು ಕಂಡವರು, ಇಲ್ಲಿ ಯಾರು ಯಾರಿಗೆ ಸಾಲ ಬಾಕಿ ಉಳಿಸಿಕೊಂಡಿದ್ದಾರಪ್ಪಾ ಎಂದು ತಲೆ ಕೆರೆದುಕೊಂಡರೆ ಆಶ್ಚರ್ಯವೇನೂ ಇಲ್ಲ!

ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ಕೊರತೆ, ತಪ್ಪುವಿಕೆ. ಕಂತು ತಪ್ಪಿದರೂ ಡಿಫಾಲ್ಟೇ, ಕೋರ್ಟಿಗೆ ಹಾಜರಾಗುವುದು ತಪ್ಪಿದರೂ ಡಿಫಾಲ್ಟೇ. ಪ್ರತಿವಾದಿ ಬಾರದೇ ಹೋದಾಗ ನ್ಯಾಯಾಧೀಶರು ಆತನಿಲ್ಲದೆಯೇ ತೀರ್ಪು ಕೊಟ್ಟುಬಿಡುತ್ತಾರಲ್ಲ, ಕಂಪ್ಯೂಟರಿನ ಡಿಫಾಲ್ಟ್ ಅದಕ್ಕೇ ಹತ್ತಿರದ ನೆಂಟ. ನೀವು ಏನೂ ಹೇಳದಿದ್ದಾಗ ಯಂತ್ರ ಏನು ಮಾಡಬೇಕೆಂಬುದನ್ನು ಬೇರೆ ಯಾರೋ ಮೊದಲೇ ತೀರ್ಮಾನಿಸಿ ಇಟ್ಟಿರುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಪೂರ್ವನಿಯೋಜಿತ’ ಎಂಬ ಪದ ಚಾಲ್ತಿಗೆ ಬಂದಿದೆ. ಪದವೇನೋ ಗಂಭೀರವಾಗಿದೆ, ಆದರೆ ನಿಯೋಜಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ‘ಪಿಸಿ’ಯನ್ನು ಮಾರುಕಟ್ಟೆಗೆ ತಂದಾಗ ಸೆಟ್ಟಿಂಗ್ ಎಂಬುದು ಅಕ್ಷರಶಃ ಕೈಗೆ ಸಿಗುವ ವಸ್ತುವಾಗಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಮುಖ್ಯ ಫಲಕದ ಮೇಲೆ ಎಂಟೆಂಟು ಪುಟ್ಟ ಸ್ವಿಚ್ಚುಗಳ ಎರಡು ಸಾಲು. ಯಂತ್ರದಲ್ಲಿ ಎಷ್ಟು ಮೆಮೊರಿ ಇದೆ, ಎಷ್ಟು ಫ್ಲಾಪಿ ಡ್ರೈವ್ ಇವೆ, ಪರದೆ ಯಾವ ಬಗೆಯದು ಎಂಬುದನ್ನೆಲ್ಲ ಪೆನ್ನಿನ ತುದಿಯಿಂದ ಈ ಸ್ವಿಚ್ಚುಗಳನ್ನು ಅತ್ತಿತ್ತ ಸರಿಸಿ ತಿಳಿಸಬೇಕಾಗಿತ್ತು. ಹಿಂದಿನ ಸ್ಥಿತಿಗೆ ಮರಳಬೇಕಾದರೆ ಒಂದೇ ದಾರಿ: ಮುಟ್ಟುವ ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

1984ರ ‘ಪಿಸಿ-ಎಟಿ’ಯಲ್ಲಿ ಈ ವಿವರಗಳು ಬ್ಯಾಟರಿಯ ಆಸರೆಯಲ್ಲಿ ಬದುಕುವ ಪುಟ್ಟ ಚಿಪ್ಪಿನೊಳಗೆ ಸೇರಿದವು. ಗಡಿಯಾರವೂ ಅದರಲ್ಲೇ, ನೆನಪೂ ಅದರಲ್ಲೇ. ಒಟ್ಟು 64 ಬೈಟ್ ಜಾಗ. ಬ್ಯಾಟರಿ ಸತ್ತರೆ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕಿನ ಪರಿಚಯವೂ ಮರೆತುಹೋಗುತ್ತಿತ್ತು. ಮುಂದೆ ಬೇರೆ ಬೇರೆ ತಯಾರಕರು ಈ ಸೆಟಪ್ ಪರದೆಯಲ್ಲಿ ‘ಡಿಫಾಲ್ಟ್‌ಗಳನ್ನು ತುಂಬು’ ಎಂಬ ಆಯ್ಕೆಯನ್ನು ಕೊಟ್ಟರು. ಎಲ್ಲ ಕೆಟ್ಟುಹೋದಾಗ ಹೋಗಿ ನಿಲ್ಲಲು ಒಂದು ತೌರುಮನೆ ಸಿಕ್ಕಿತು ಎನ್ನಿ.

ತಂತ್ರಾಂಶದ ಕಡೆಗೆ ಈ ಅನುಕೂಲ ತಡವಾಗಿ ಬಂತು. 1983ರ ಡಾಸ್ 2.0ರಲ್ಲಿ ‘ಕಾನ್ಫಿಗ್.ಸಿಸ್’ ಎಂಬ ಫೈಲು ಬಂದು, ಬಳಕೆದಾರನೇ ನಾಲ್ಕು ಸಾಲು ಬರೆದು ಯಂತ್ರದ ನಡವಳಿಕೆಯನ್ನು ತಿದ್ದಬಹುದಾಯಿತು. ಆದರೆ ಬರೆದ ಸಾಲೇ ತಪ್ಪಾಗಿ ಯಂತ್ರ ಏಳದೇ ಹೋದರೆ? ಆ ಸಾಲನ್ನು ಸರಿಪಡಿಸಲಾದರೂ ಯಂತ್ರ ಏಳಬೇಕಲ್ಲ! ಅದಕ್ಕೇ ಜಾಣರು ಬೂಟ್ ಫ್ಲಾಪಿಯೊಂದನ್ನು ಡ್ರಾಯರಿನಲ್ಲಿ ಜೋಪಾನ ಮಾಡುತ್ತಿದ್ದರು. 1993ರ ಡಾಸ್ 6ರಲ್ಲಿ ಎಫ್5 ಕೀಲಿ ಬಂತು. ಯಂತ್ರ ಶುರುವಾಗುವಾಗ ಅದನ್ನು ಒತ್ತಿದರೆ ನಿಮ್ಮ ಬರಹವನ್ನೆಲ್ಲ ಬದಿಗಿಟ್ಟು ಡಾಸ್ ತನ್ನ ಪಾಡಿಗೆ ತಾನು ಎದ್ದು ನಿಲ್ಲುತ್ತಿತ್ತು. ಬದಲಾಯಿಸುವ ಹಕ್ಕು ಕೊಟ್ಟು, ಮರಳುವ ದಾರಿ ಕೊಡಲು ಹತ್ತು ವರ್ಷ! ಆಮೇಲೆ 1995ರ ವಿಂಡೋಸ್‌ನಲ್ಲಿ ‘ಸೇಫ್ ಮೋಡ್’, 2000ದ ವಿಂಡೋಸ್ ಮಿ ಆವೃತ್ತಿಯಲ್ಲಿ ‘ಸಿಸ್ಟಮ್ ರಿಸ್ಟೋರ್’ ಹೀಗೆ ಒಂದೊಂದಾಗಿ ಬಂದವು.

ಮರಳುವ ಜಾಗ ಯಾವಾಗಲೂ ಸುರಕ್ಷಿತವೇ? ಇಲ್ಲವೆಂದು ತೋರಿಸಿದ್ದು ಮೈಕ್ರೋಸಾಫ್ಟ್ ವರ್ಡ್. ವರ್ಡ್‌ನ ಡಿಫಾಲ್ಟ್‌ಗಳು, ಎಂದರೆ ಅಕ್ಷರದ ಶೈಲಿ, ಗಾತ್ರ, ಅಂಚು ಇತ್ಯಾದಿ, ‘ನಾರ್ಮಲ್.ಡಾಟ್’ ಎಂಬ ಒಂದು ಫೈಲಿನಲ್ಲಿ ಕೂತಿರುತ್ತಿದ್ದವು. ಅದರ ಹೆಸರು ಬದಲಿಸಿದರೆ ವರ್ಡ್ ಮುಂದಿನ ಸಲ ತೆರೆದಾಗ ಹೊಸದೊಂದನ್ನು ತಾನೇ ಹುಟ್ಟಿಸುತ್ತಿತ್ತು. ಇದು ಬಲ್ಲವರ ಮನೆಮದ್ದು. ಆದರೆ ಕಡತವನ್ನು ತೆರೆದೊಡನೆ ಅದರೊಳಗಿನ ಮ್ಯಾಕ್ರೋ, ಅಂದರೆ ತಾನಾಗಿ ನಡೆಯುವ ಆಜ್ಞೆಗಳ ಸರಣಿ, ಯಾರ ಅಪ್ಪಣೆಯನ್ನೂ ಕೇಳದೆ ಓಡುವುದೂ ಆಗ ಒಂದು ಡಿಫಾಲ್ಟ್ ಆಗಿತ್ತು. 1995ರ ‘ಕಾನ್ಸೆಪ್ಟ್’ ವೈರಸ್ ಇದೇ ಬಾಗಿಲಿನಿಂದ ನುಗ್ಗಿ ನೇರವಾಗಿ ನಾರ್ಮಲ್.ಡಾಟ್‌ನಲ್ಲಿ ಠಿಕಾಣಿ ಹೂಡಿತು. ಅಲ್ಲಿಂದ ಮುಂದೆ ನೀವು ಉಳಿಸಿದ ಕಡತಗಳಿಗೂ ಅದರ ಸೋಂಕು. 1999ರ ಮಾರ್ಚ್ 26ರಂದು ಕಾಣಿಸಿಕೊಂಡ ‘ಮೆಲಿಸ್ಸಾ’ ಇನ್ನೂ ಮುಂದೆ ಹೋಗಿ, ವಿಳಾಸ ಪುಸ್ತಕದ ಮೊದಲ ಐವತ್ತು ವಿಳಾಸಗಳಿಗೆ ತನ್ನನ್ನೇ ಅಂಚೆ ಮಾಡಿಕೊಂಡಿತು. ಹೋಗುವಾಗ ವರ್ಡ್‌ನ ಮ್ಯಾಕ್ರೋ ಎಚ್ಚರಿಕೆಯ ಸೆಟ್ಟಿಂಗನ್ನೂ ಆರಿಸಿ ಹೋಗುತ್ತಿತ್ತು. ಎಚ್ಚರಿಕೆಗಳು ವರ್ಷದಿಂದ ವರ್ಷಕ್ಕೆ ಬಿಗಿಯಾದವು ನಿಜ. ಆದರೂ ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಡಿಫಾಲ್ಟ್ ಆಗಿಯೇ ತಡೆಯುವ ನಿರ್ಧಾರವನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2022ರಲ್ಲಿ. ಕಾನ್ಸೆಪ್ಟ್ ಬಂದು ಅಷ್ಟರಲ್ಲಿ 27 ವರ್ಷ ಕಳೆದಿತ್ತು.

ಇಷ್ಟು ತಡವೇಕೆ? ಡಿಫಾಲ್ಟನ್ನು ಮುಟ್ಟಿದರೆ ಅದರ ಮೇಲೆ ಕಟ್ಟಿಕೊಂಡ ಲಕ್ಷಾಂತರ ಕಚೇರಿಗಳ ಕೆಲಸ ಅಲುಗಾಡುತ್ತದೆ. ಜನ ಅದನ್ನು ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ ಎಂಬುದಕ್ಕೆ ರೊಕ್ಕದ ಲೆಕ್ಕವೂ ಇದೆ. ಫೋನು, ಬ್ರೌಸರುಗಳಲ್ಲಿ ತಾನೇ ಡಿಫಾಲ್ಟ್ ಹುಡುಕುಯಂತ್ರವಾಗಿರಲು ಗೂಗಲ್ 2021ರಲ್ಲಿ ಇತರ ಕಂಪನಿಗಳಿಗೆ ಕೊಟ್ಟ ಹಣ ಸುಮಾರು 2,630 ಕೋಟಿ ಡಾಲರ್. ವಾಷಿಂಗ್ಟನ್‌ನ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಗೂಗಲ್ ಏಕಸ್ವಾಮ್ಯದ ಕಾನೂನನ್ನು ಮುರಿದಿದೆ ಎಂದು ತೀರ್ಪಿತ್ತಾಗ ಈ ಒಪ್ಪಂದಗಳೇ ಪ್ರಕರಣದ ತಿರುಳಾಗಿದ್ದವು. ಯಾರು ಬೇಕಾದರೂ ನಾಲ್ಕು ಗುಂಡಿ ಒತ್ತಿ ಬದಲಾಯಿಸಬಹುದಾದ ಸೆಟ್ಟಿಂಗಿಗೆ ಇಷ್ಟು ಬೆಲೆ!

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಕೂಟದ ಪತ್ರಿಕೆಗೆ ಪುಟ ಜೋಡಿಸಿದವರಿಗೆಲ್ಲ ಕಾಗದದ ಗೋಳು ಗೊತ್ತು. ಬೆಂಗಳೂರಿನಿಂದ ಬಂದ ಕವನ ಎ4 ಅಳತೆಯಲ್ಲಿರುತ್ತದೆ, 297 ಮಿಲಿಮೀಟರ್ ಉದ್ದ. ಅಮೆರಿಕದ ‘ಲೆಟರ್’ ಹಾಳೆ 279. ಆ 18 ಮಿಲಿಮೀಟರಿನಲ್ಲೇ ಕವಿಯ ಕೊನೆಯ ಸಾಲು, ಕೆಲವೊಮ್ಮೆ ಕವಿಯ ಹೆಸರೂ, ಇರುವುದುಂಟು! ಊರು, ದೇಶಕ್ಕೆ ತಕ್ಕಂತೆ ದಿನಾಂಕ, ನಾಣ್ಯ ಮುಂತಾದವನ್ನು ಹೊಂದಿಸುವ ‘ರೀಜನಲ್’ ಸೆಟ್ಟಿಂಗ್‌ನಿಂದಲೇ ಹಾಳೆಯ ಅಳತೆಯನ್ನೂ ವರ್ಡ್ ಊಹಿಸುತ್ತದೆ. ಕನ್ನಡದ ಅದೃಷ್ಟ ಅಡಗಿ ಕೂತಿದ್ದೂ ಅದೇ ಕಿಟಕಿಯಲ್ಲಿ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿ ಮಾಡಿದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ವಿಂಡೋಸ್‌ನಲ್ಲಿ ಅದು ಕಾಣಿಸಿಕೊಂಡದ್ದು ಹತ್ತು ವರ್ಷ ಕಳೆದು, 2001ರ ಅಕ್ಟೋಬರ್‌ನ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಸೊಗಸಾದ ಹೆಸರಿನ ಅಕ್ಷರಶೈಲಿಯೊಡನೆ. ಬಂತೆಂದು ಹಿಗ್ಗುವ ಹಾಗಿರಲಿಲ್ಲ. ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಅದು ಡಿಫಾಲ್ಟ್ ಆಗಿ ನಿದ್ರಿಸುತ್ತಿತ್ತು. ಕಂಟ್ರೋಲ್ ಪ್ಯಾನೆಲ್, ಅಲ್ಲಿಂದ ರೀಜನಲ್ ಆಪ್ಷನ್ಸ್, ಅದರ ‘ಲ್ಯಾಂಗ್ವೇಜಸ್’ ಪುಟ, ಆ ಪುಟದ ಕೆಳಗಿದ್ದ ಒಂದು ಖಾಲಿ ಚೌಕ. ಸಂಕೀರ್ಣ ಲಿಪಿಗಳು ಹಾಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ಇದನ್ನು ಗುರುತು ಹಾಕಿ ಎಂದು ಅಲ್ಲಿ ಬರೆದಿತ್ತು. ಆ ಸಾಲಿನಲ್ಲಿ ಥಾಯ್ ಭಾಷೆಯ ಹೆಸರಿತ್ತು, ಕನ್ನಡದ್ದಿರಲಿಲ್ಲ. ಗುರುತು ಹಾಕಿದರೆ ಹಿಡಿಯುತ್ತಿದ್ದ ಜಾಗ ಸುಮಾರು 10 ಮೆಗಾಬೈಟ್. ಅದಕ್ಕೂ ವಿಂಡೋಸ್ ಸೀಡಿಯನ್ನು ತಾ ಎಂದು ಕೇಳುವುದಿತ್ತು. ಹಾಕದಿದ್ದರೆ ಕನ್ನಡ ಪುಟಗಳಲ್ಲಿ ಬರೀ ಖಾಲಿ ಡಬ್ಬಿಗಳು. ಬೇರೆ ಕಡೆಯಿಂದ ಅಕ್ಷರಶೈಲಿ ತಂದು ಹಾಕಿಕೊಂಡವರಿಗೆ ಒತ್ತಕ್ಷರ ಕೂಡದೆ, ‘ಅಮ್ಮ’ ಹೋಗಿ ‘ಅಮ್‌ಮ’.

ಕನ್ನಡ ಕಂಪ್ಯೂಟರಿನಲ್ಲಿ ಬರುವುದೇ ಇಲ್ಲ ಎಂದು ಆ ದಿನಗಳಲ್ಲಿ ಎಷ್ಟು ಮಂದಿ ಕೈಚೆಲ್ಲಿರಬಹುದು! ಕನ್ನಡ ಒಳಗೇ ಇತ್ತು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು ಅಷ್ಟೆ. ಯಂತ್ರ ಕೆಟ್ಟು ವಿಂಡೋಸನ್ನು ಹೊಸದಾಗಿ ಹಾಕಿದಾಗಲೆಲ್ಲ ಆ ಚಿಲಕ ಮತ್ತೆ ಬೀಳುತ್ತಿತ್ತು. ‘ಮೂಲಸ್ಥಿತಿಗೆ ಮರಳುವುದು’ ಎಂದರೆ ನಮ್ಮ ಪಾಲಿಗೆ ಕನ್ನಡವಿಲ್ಲದ ಸ್ಥಿತಿಗೆ ಮರಳುವುದು ಎಂದಾಗಿತ್ತು. ಸಾಮಾನ್ಯರಿಗಾಗಿ ಬಂದ 2007ರ ವಿಸ್ಟಾದಲ್ಲಿ ಆ ಚೌಕವೇ ಮಾಯವಾಯಿತು, ಕನ್ನಡ ಓದುವುದು ಡಿಫಾಲ್ಟ್ ಆಯಿತು. ವಿಸ್ಟಾವನ್ನು ಬೈಯದವರಿಲ್ಲ, ನಾನು ಮಾತ್ರ ಇದೊಂದಕ್ಕಾಗಿ ಅದರ ಪರ.

ಅಷ್ಟರವರೆಗೆ ಕೈಹಿಡಿದದ್ದು ನಮ್ಮವರೇ ಮಾಡಿದ ತಂತ್ರಾಂಶಗಳು: ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವು ಮೊದಲಿಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿ, ವಿಂಡೋಸ್‌ನ ಒಪ್ಪಿಗೆಗೆ ಕಾಯದೆ ಕೆಲಸ ಮಾಡಿದವು. ಅದೇ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಆ ಕಡತ ಯೂರೋಪಿನ ವಿಚಿತ್ರ ಅಕ್ಷರಗಳ ರಾಶಿಯಂತೆ ಕಾಣುತ್ತಿತ್ತು.

ಓದುವ ತೊಡಕು ತೀರಿದರೂ ಬರೆಯುವುದರಲ್ಲಿ ಒಂದು ಉಳಿಯಿತು. ವಿಂಡೋಸ್‌ನ ‘ಕನ್ನಡ’ ಕೀಲಿಮಣೆ ಎಂದರೆ ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಕ್ರಮ ಎಂಬುದು ಅದರ ಹೆಚ್ಚುಗಾರಿಕೆ. ನಮ್ಮಲ್ಲಿ ಹೆಚ್ಚಿನವರ ಬೆರಳಿಗೆ ಒಗ್ಗಿದ್ದು ಕೆ. ಪಿ. ರಾವ್ ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿದ, ‘ನುಡಿ’ಯಲ್ಲಿರುವ ವಿನ್ಯಾಸ. ಅದರಲ್ಲಿ ಎಮ್, ಎನ್, ಇ ಒತ್ತಿದರೆ ‘ಮನೆ’. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಮೂರು ಕೀಲಿ ಒತ್ತಿದರೆ ‘ಸಲಾ’! 2019ರಲ್ಲಿ ವಿಂಡೋಸ್ 10ಕ್ಕೆ ಇಂಗ್ಲಿಷ್ ಉಚ್ಚಾರದಂತೆ ಬರೆಯುವ ಇನ್ನೊಂದು ಕನ್ನಡ ಕೀಲಿಮಣೆ ಸೇರಿತು. ರಾವ್ ಅವರ ಕ್ರಮವೇ ಬೇಕೆನ್ನುವವರು ವಿಂಡೋಸ್‌ನಲ್ಲಿ ನುಡಿಯಂಥ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಲಿನಕ್ಸ್ ಬಳಸುವವರಿಗೆ ಆ ಕಷ್ಟವಿಲ್ಲ. ಅದರ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂದು ಹುಡುಕಿದರೆ ಸಾಕು. ಅದು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದಾದ ಹೆಸರು.