ಹಿತ್ತಲ ಬಟ್ಟಲಿಗೆ ಬಂದ ಹಕ್ಕಿ ಯಾವುದು?

ಬೇಸಿಗೆ ಕಾಲಿಟ್ಟೊಡನೆ ಹಿತ್ತಲಲ್ಲೋ ತಾರಸಿಯ ಮೇಲೋ ಮಣ್ಣಿನ ಬಟ್ಟಲಲ್ಲಿ ನೀರು, ಪಕ್ಕದಲ್ಲೊಂದು ಹಿಡಿ ನುಚ್ಚಕ್ಕಿ ಇಡುವ ಪರಿಪಾಠ ನಗರದ ಅನೇಕ ಮನೆಗಳಲ್ಲಿದೆ. ಆದರೆ ಬಂದುಹೋಗುವ ಅತಿಥಿಗಳ ಹೆಸರು ಕೇಳಿದರೆ ಕಾಗೆ, ಗುಬ್ಬಚ್ಚಿ, ಪಾರಿವಾಳ, ಗಿಳಿಗಳಿಗೆ ಪಟ್ಟಿ ಮುಗಿಯುತ್ತದೆ. ಉಳಿದವೆಲ್ಲ ‘ಯಾವುದೋ ಹಕ್ಕಿ’.

ಹೆಸರು ತಿಳಿಯುವುದು ಬರಿಯ ಕುತೂಹಲದ ಮಾತಲ್ಲ. ದೇಶದ ಪಕ್ಷಿಗಳ ಸ್ಥಿತಿಗತಿ ಕುರಿತು 2020ರಲ್ಲಿ ಪ್ರಕಟವಾದ ಮೊದಲ ವರದಿ ಸಿದ್ಧವಾದದ್ದು ಸಾವಿರಾರು ಹವ್ಯಾಸಿಗಳು ‘ಇ-ಬರ್ಡ್’ ಜಾಲತಾಣಕ್ಕೆ ಸೇರಿಸಿದ ಪಟ್ಟಿಗಳಿಂದ. ಗುಬ್ಬಚ್ಚಿಯ ಸಂಖ್ಯೆ ಒಟ್ಟಾರೆ ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಆದರೆ ಬೆಂಗಳೂರು ಸೇರಿದಂತೆ ಮಹಾನಗರಗಳಲ್ಲಿ ಕುಸಿದಿದೆ ಎಂಬ ತೀರ್ಮಾನ ಹೊರಬಿದ್ದದ್ದು ಹೀಗೆ. ಹಿತ್ತಲಲ್ಲಿ ಕಂಡ ಕಂದು ಹಕ್ಕಿಯನ್ನೆಲ್ಲ ಗುಬ್ಬಚ್ಚಿ ಎಂದು ಬರೆದುಕೊಂಡರೆ ಲೆಕ್ಕವೇ ತಪ್ಪುತ್ತದೆ.

ಬಣ್ಣ ನಂಬಬೇಡಿ

ಹೊಸಬರು ಮೊದಲು ನೋಡುವುದು ಬಣ್ಣವನ್ನು, ಮೋಸಹೋಗುವುದೂ ಅದರಿಂದಲೇ. ಪಪ್ಪಾಯಿ ಹೋಳಿಗೆ ಎರಗಿದ ಹಸಿರು ಹಕ್ಕಿ ಗಿಳಿಯೇ ಆಗಬೇಕೆಂದಿಲ್ಲ. ಬಾಗಿದ ಕೆಂಪು ಕೊಕ್ಕು, ಉದ್ದನೆಯ ಬಾಲ ಇದ್ದರೆ ಮಾತ್ರ ಗಿಳಿ. ತಲೆ ಕಂದುಬಣ್ಣದ್ದಾಗಿ, ಕೆನ್ನೆ ಬೆಳ್ಳಗಿದ್ದು, ದಪ್ಪ ಕೊಕ್ಕಿನ ಬುಡದಲ್ಲಿ ಮೀಸೆಯಂಥ ಕೂದಲಿದ್ದು, ಬಾಲ ಮೋಟಾಗಿದ್ದರೆ ಅದು ಕುಟ್ರು ಹಕ್ಕಿ. ಮರದ ಎತ್ತರದಿಂದ ‘ಕುಟ್ರೂ, ಕುಟ್ರೂ’ ಎಂದು ಗಂಟೆಗಟ್ಟಲೆ ಕೂಗುವುದು ಅದೇ. ಕೂಗು ಕೇಳದವರು ವಿರಳ, ಹಕ್ಕಿಯನ್ನು ಕಂಡು ಹೆಸರಿಸಬಲ್ಲವರು ಇನ್ನೂ ವಿರಳ.

ಕೋಗಿಲೆಯ ವಿಷಯದಲ್ಲಂತೂ ಗೊಂದಲ ಇಮ್ಮಡಿ. ಗಂಡು ಹೊಳೆವ ಕಪ್ಪು, ಕೆಂಗಣ್ಣು, ತಿಳಿಹಸಿರು ಕೊಕ್ಕು. ಕಾಗೆಯಂತೆ ಕಂಡರೂ ಬಾಲ ಉದ್ದ, ಮೈ ಸಪೂರ. ಹೆಣ್ಣು ಮಾತ್ರ ಕಂದು ಮೈತುಂಬ ಬಿಳಿ ಚುಕ್ಕೆ, ಪಟ್ಟೆಗಳನ್ನು ಹೊತ್ತಿರುವುದರಿಂದ ಅದನ್ನು ಬೇರೊಂದೇ ಜಾತಿಯೆಂದು ಬಗೆಯುವವರೇ ಹೆಚ್ಚು. ನಮ್ಮ ಕವಿಗಳು ಹೊಗಳಿದ ‘ಕುಹೂ’ ದನಿ ಗಂಡಿನದು. ಹೆಣ್ಣು ‘ಕಿಕ್ ಕಿಕ್’ ಎಂದು ಕಿರುಚುತ್ತದೆ.

ಹಾಗಾದರೆ ನೋಡಬೇಕಾದ್ದೇನು? ಮೊದಲು ಗಾತ್ರ. ಸಲೀಂ ಅಲಿ ಅವರು 1941ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಕೈಪಿಡಿಯಲ್ಲಿ ಬಳಸಿದ ಸುಲಭೋಪಾಯ ಇಂದಿಗೂ ಮುಪ್ಪಾಗಿಲ್ಲ: ಕಂಡ ಹಕ್ಕಿ ಗುಬ್ಬಚ್ಚಿಯಷ್ಟಿದೆಯೇ, ಬುಲ್‌ಬುಲ್‌ನಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ ಎಂದು ಹೋಲಿಸಿಕೊಳ್ಳುವುದು. ಬಳಿಕ ಕೊಕ್ಕು. ಮೋಟು ತ್ರಿಕೋನದ ಕೊಕ್ಕು ಕಾಳು ಒಡೆಯುವುದಕ್ಕೆ, ಸೂಜಿಯಂತೆ ಬಾಗಿದ್ದು ಮಕರಂದ ಹೀರುವುದಕ್ಕೆ, ತೆಳ್ಳಗೆ ನೇರವಾಗಿರುವುದು ಸಾಮಾನ್ಯವಾಗಿ ಹುಳ ಹೆಕ್ಕುವುದಕ್ಕೆ. ಕೊಕ್ಕು ತಿಳಿದರೆ ಅರ್ಧ ಹಕ್ಕಿ ತಿಳಿದಂತೆ. ಆಮೇಲೆ ಬಾಲದ ಉದ್ದ, ನಡಿಗೆ, ಒಂಟಿಯೋ ಗುಂಪೋ ಎಂಬುದು. ಬಣ್ಣ ಕೊನೆಗೆ.

ಗುಬ್ಬಚ್ಚಿಯಂತೆ ಕಾಣುವವು

ಗಂಡು ಗುಬ್ಬಚ್ಚಿಯ ನೆತ್ತಿ ಬೂದು, ಗಂಟಲು ಕಪ್ಪು. ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ತೊಡಕಿರುವುದು ಮಾಸಲು ಕಂದಿನ ಹೆಣ್ಣಿನಲ್ಲಿ. ಕೆರೆಯಂಚಿನ ಬಡಾವಣೆಗಳಿಗೆ ಹಿಂಡಾಗಿ ಬರುವ ಗೀಜಗಗಳು, ಗೂಡು ಕಟ್ಟುವ ಋತು ಮುಗಿದ ಮೇಲೆ ಗಂಡುಗಳೂ ಸೇರಿದಂತೆ, ಹೆಣ್ಣುಗುಬ್ಬಿಯ ತದ್ರೂಪವಾಗಿಬಿಡುತ್ತವೆ. ಗೀಜಗದ ಕೊಕ್ಕು ಇನ್ನೂ ದಪ್ಪ, ಬಾಲ ಇನ್ನೂ ಮೋಟು. ಚುಕ್ಕೆ ರಾಟವಾಳ ಗುಬ್ಬಿಗಿಂತ ತುಸು ಚಿಕ್ಕದು. ಬೆಳೆದದ್ದಕ್ಕೆ ಎದೆ-ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗುರುತಿರುತ್ತದೆ. ಮರಿಗಳಿಗೆ ಅದೂ ಇಲ್ಲದೆ ಬರಿಯ ಕಂದು. ಗುಂಪಿನಲ್ಲಿ ಒಂದಾದರೂ ಹುರುಪೆಯದ್ದು ಇದೆಯೇ ಎಂದು ಹುಡುಕಿದರೆ ಸಮಸ್ಯೆ ಬಗೆಹರಿಯುತ್ತದೆ.

ಪಿಕಳಾರ ಎಂದು ಕನ್ನಡದಲ್ಲಿ ಕರೆಯುವ ಬುಲ್‌ಬುಲ್‌ಗಳಲ್ಲಿ ಎರಡು ನಮ್ಮ ಊರುಗಳಲ್ಲಿ ಸಾಮಾನ್ಯ. ಎರಡಕ್ಕೂ ಬಾಲದ ಬುಡದಡಿ ಕೆಂಪು ಇರುವುದರಿಂದ ಅದೊಂದನ್ನೇ ನೋಡಿ ಪ್ರಯೋಜನವಿಲ್ಲ. ನೆಟ್ಟಗೆ ನಿಂತ ಚೂಪಾದ ಜುಟ್ಟು, ಬೆಳ್ಳನೆಯ ಎದೆ, ಕಣ್ಣ ಹಿಂದೆ ಕೆಂಪು ಬೊಟ್ಟು ಇದ್ದರೆ ಕೆಮ್ಮೀಸೆ ಪಿಕಳಾರ. ಮರಿಗೆ ಆ ಬೊಟ್ಟು ಇರುವುದಿಲ್ಲ. ಇನ್ನೊಂದು ಮೈಯೆಲ್ಲ ಮಸಿಗಂದು, ಜುಟ್ಟು ಗಿಡ್ಡ, ಹಾರುವಾಗ ಬಾಲದ ಮೇಲ್ಬುಡದಲ್ಲಿ ಬಿಳಿ ಮಿಂಚುತ್ತದೆ.

ಗೊರವಂಕಗಳಲ್ಲೂ ಹೀಗೆಯೇ. ಕಣ್ಣ ಸುತ್ತ ಹಳದಿ ಚರ್ಮವಿರುವುದು ಮಾಮೂಲಿನದು. ಆ ಹಳದಿ ಇಲ್ಲದೆ ಹಣೆಯ ಮೇಲೆ ಪುಟ್ಟ ಗರಿಕುಚ್ಚು ಇದ್ದರೆ ಕಾಡು ಗೊರವಂಕ. ಹೆಸರಿನಲ್ಲಿ ಕಾಡಿದ್ದರೂ ಊರೊಳಗೂ ಧಾರಾಳವಾಗಿ ಓಡಾಡುತ್ತದೆ. ಕಾಗೆಗಳಲ್ಲಿ ಕುತ್ತಿಗೆ ಬೂದಾಗಿದ್ದರೆ ಊರಕಾಗೆ, ಪೂರ್ತಿ ಕಪ್ಪಾದರೆ ಕಾಡುಕಾಗೆ.

ಕಾಳಿನತ್ತ ತಿರುಗಿಯೂ ನೋಡದ ಸೂರಕ್ಕಿ ದಾಸವಾಳಕ್ಕೆ ಬರುತ್ತದೆ. ಹೂವಿನೆದುರು ರೆಕ್ಕೆ ಬಡಿಯುತ್ತ ಕ್ಷಣಕಾಲ ನಿಲ್ಲುವ ಅದನ್ನು ‘ಹಮ್ಮಿಂಗ್ ಬರ್ಡ್’ ಎನ್ನುವವರಿದ್ದಾರೆ. ಅಮೆರಿಕ ಖಂಡಗಳ ಹೊರಗೆ ಆ ಹಕ್ಕಿಯಿಲ್ಲ. ಕಪ್ಪು-ಬಿಳುಪು ಮೈ, ಮೇಲೆತ್ತಿದ ಬಾಲದ ಮಡಿವಾಳ ಹಕ್ಕಿ ಹುಳು ಹುಡುಕಿ ನೆಲಕ್ಕಿಳಿಯುತ್ತದೆ. ಗಂಡಿನ ಕಪ್ಪು ಹೆಣ್ಣಿನಲ್ಲಿ ಬೂದು. ಇತರ ಹಕ್ಕಿಗಳ ದನಿಯನ್ನು ಅದು ಅಣಕಿಸಬಲ್ಲದು. ಆದ್ದರಿಂದ ಕಾರ್ನೆಲ್ ವಿಶ್ವವಿದ್ಯಾಲಯದವರು ಉಚಿತವಾಗಿ ಒದಗಿಸುವ ‘ಮರ್ಲಿನ್’ ಆ್ಯಪ್ ಕೂಗು ಆಲಿಸಿ ಹೆಸರು ಸೂಚಿಸಿದಾಗಲೂ ಕಣ್ಣಿನಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಪಾರಿವಾಳದ ಪಾಲು

ಯಾರು ಬರುತ್ತಿದ್ದಾರೆಂದು ಗಮನಿಸದೆ ದಿನವೂ ಕಾಳು ಚೆಲ್ಲಿದರೆ ಕೊನೆಗೆ ಉಳಿಯುವುದು ಪಾರಿವಾಳಗಳ ದಂಡು. ಅವು ಬಂದೆಡೆ ಚಿಕ್ಕ ಹಕ್ಕಿಗಳಿಗೆ ಜಾಗವಿಲ್ಲ. ಒಣಗಿದ ಹಿಕ್ಕೆಯ ದೂಳನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಗಂಭೀರ ಅಲರ್ಜಿ ರೋಗ ತಗಲುತ್ತದೆ. ಮುಂಬೈನ ದಾದರ್ ಕಬೂತರ್‌ಖಾನಾವನ್ನು 2025ರಲ್ಲಿ ಪಾಲಿಕೆ ಮುಚ್ಚಿದಾಗ ಪ್ರತಿಭಟನೆಗಳೇ ನಡೆದವು. ಭಕ್ತಿಯ ಪ್ರಶ್ನೆ ಏನೇ ಇರಲಿ, ಅಕ್ಕಪಕ್ಕದವರ ಉಸಿರು ದೊಡ್ಡದು. ಹಾಗೆಂದು ಪಾರಿವಾಳದ ಬಂಧುವಾದ ಚೋರೆ ಹಕ್ಕಿಯನ್ನು ಓಡಿಸಬೇಕಿಲ್ಲ. ಕತ್ತಿನ ಹಿಂದೆ ಚದುರಂಗದ ಮಣೆಯಂತೆ ಕಪ್ಪು-ಬಿಳಿ ಚುಕ್ಕೆಯಿರುವ ಈ ಸೌಮ್ಯ ಜೀವಿ ಸಾಮಾನ್ಯವಾಗಿ ಒಂಟಿಯಾಗಿ ಅಥವಾ ಜೋಡಿಯಾಗಿ ಬರುತ್ತದೆ.

ಪಾರಿವಾಳ ಹೆಚ್ಚಿದ ಮನೆಯವರು ಕೆಲ ವಾರ ಕಾಳು ನಿಲ್ಲಿಸಿ, ನೀರು ಮತ್ತು ಹಣ್ಣಿನ ಹೋಳು ಮಾತ್ರ ಇಡಬಹುದು. ಎರಡು ಅಂಗುಲಕ್ಕಿಂತ ಆಳವಿರದ ಬಟ್ಟಲು ಸಾಕು, ಅದನ್ನು ನಿತ್ಯ ತೊಳೆಯಬೇಕು. ಉಪ್ಪು ಬೆರೆತ, ಕರಿದ ತಿಂಡಿ ಬೇಡ. ಹತ್ತಿರದಲ್ಲೊಂದು ಪೊದೆಯಿದ್ದರೆ ಶಿಕ್ರಾದಂಥ ಬೇಟೆ ಹಕ್ಕಿ ಎರಗಿದಾಗ ಚಿಕ್ಕವುಗಳಿಗೆ ಅಡಗಲು ಎಡೆ. ಆದರೆ ಬಟ್ಟಲಿಗೆ ತೀರ ಅಂಟಿಕೊಂಡಿದ್ದರೆ ಅಲ್ಲಿ ಬೆಕ್ಕು ಹೊಂಚುಹಾಕುತ್ತದೆ.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ 2013ರಿಂದ ಭಾರತೀಯರೂ ಪಾಲ್ಗೊಳ್ಳುತ್ತಿದ್ದಾರೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡದ್ದನ್ನೆಲ್ಲ ಎಣಿಸಿ ಇ-ಬರ್ಡ್‌ಗೆ ಸೇರಿಸಿದರಾಯಿತು. ಗುರುತು ಸಿಗದ್ದನ್ನು ಊಹಿಸಿ ಬರೆಯುವುದಕ್ಕಿಂತ ಬಿಡುವುದೇ ಮೇಲು.

ಅಕ್ಟೋಬರ್-ನವೆಂಬರಿನಲ್ಲಿ, ಉತ್ತರದಿಂದ ವಲಸೆ ಬರುವ ನವರಂಗ ಹಕ್ಕಿ ದಣಿದು ನಗರದ ಮನೆಯಂಗಳದಲ್ಲಿ ಬೀಳುವುದುಂಟು. ಮೋಟು ಬಾಲ, ಕಣ್ಣಿಗೆ ಅಗಲ ಕಪ್ಪು ಪಟ್ಟಿ, ಹಸಿರು-ನೀಲಿ-ಕೆಂಪಿನ ಮೈ. ಯಾರೋ ಸಾಕಿದ ಹಕ್ಕಿ ತಪ್ಪಿಸಿಕೊಂಡು ಬಂದಿದೆಯೆಂದು ಪಂಜರಕ್ಕೆ ಹಾಕಬೇಡಿ. ಕಾಡುಹಕ್ಕಿಯನ್ನು ಪಂಜರದಲ್ಲಿಡುವುದು ಕಾನೂನುಬಾಹಿರ. ಕಾಳು ಹಾಕಿದರೂ ಅದು ತಿನ್ನದು, ಅದರ ಆಹಾರ ಹುಳುಹುಪ್ಪಟೆ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಸದ್ದಿಲ್ಲದ ಕತ್ತಲೆ ಮೂಲೆಯಲ್ಲಿ ಕೆಲ ಗಂಟೆ ಇರಿಸಿ, ಬಾಯಿಗೆ ನೀರು ಹನಿಸದೆ ಬಿಟ್ಟರೆ ಎಷ್ಟೋ ವೇಳೆ ತಾನಾಗಿ ಚೇತರಿಸಿಕೊಂಡು ಹಾರಿಹೋಗುತ್ತದೆ. ರೆಕ್ಕೆ ಜೋತಿದ್ದರೆ ವನ್ಯಜೀವಿ ರಕ್ಷಕರಿಗೋ ಅರಣ್ಯ ಇಲಾಖೆಗೋ ಒಪ್ಪಿಸಬೇಕು.