ಅಲಂಬು, ಅಣಬೆ, ನಾಯಿಕೊಡೆ

ಮುಂಗಾರಿನ ಮೊದಲ ಗುಡುಗುಮಳೆ ಬಿದ್ದು ಒಂದೆರಡು ವಾರ ಕಳೆಯುವಷ್ಟರಲ್ಲಿ ಮಂಗಳೂರಿನ ಮಾರುಕಟ್ಟೆಯ ಬದಿಗಳಲ್ಲಿ, ಕಾರ್ಕಳ ಮೂಡುಬಿದಿರೆಗಳ ಪೇಟೆಯಲ್ಲಿ, ಮಣ್ಣು ಮೆತ್ತಿದ ಗೋಲಿಯಂಥ ಉಂಡೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕುಳಿತವರನ್ನು ನೀವು ನೋಡಿರಬಹುದು. ತುಳುವರು ಅದನ್ನು ಕಲ್ಲಲಂಬು ಎನ್ನುತ್ತಾರೆ, ಕನ್ನಡದಲ್ಲಿ ಕಲ್ಲಣಬೆ. ಕೋಳಿಮಾಂಸಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಜನ ಕೊಳ್ಳುತ್ತಾರೆ. ಇಂಥ ಆಹಾರದ ಚರಿತ್ರೆಯನ್ನು ಹೇಳಹೊರಟವನಿಗೆ ಅರಸರ ಕಾಲಾನುಕ್ರಮಣಿಕೆಯಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ. ಆಧಾರವಾಗಿ ಉಳಿಯುವುದು ಮಾತು, ಅದರಲ್ಲಿಯೂ ಹೆಸರುಗಳು.

ನಮ್ಮ ಊರಿನಲ್ಲೇ ಅಚ್ಚಾದ ಎರಡು ಮಹಾನಿಘಂಟುಗಳುಂಟು: 1886ರ ಮ್ಯಾನರ್ ಅವರ ತುಳು ನಿಘಂಟು, 1894ರ ಕಿಟ್ಟೆಲ್ ಅವರ ಕನ್ನಡ ನಿಘಂಟು. ಕನ್ನಡದ ಅಣಬೆ, ತುಳುವಿನ ಅಲಂಬು, ನೆರೆಯ ಕೊಂಕಣಿ ಮರಾಠಿಗಳ ಅಳಂಬೆ, ಅಳಂಬಿ ಇವೆಲ್ಲ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ಕೊಡವರ ಕುಮ್ಮು, ಮಲೆಯಾಳಿಗಳ ಕೂನ್ ಬೇರೆ ದಾರಿಯವು. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಮಾತು ನಾಯಿಕೊಡೆ. ತಿನ್ನುವಂಥದು ಅಣಬೆ, ತಿನ್ನಲಾಗದ್ದು ನಾಯಿಕೊಡೆ ಎಂದು ಆಡುಮಾತು ಬೇರ್ಪಡಿಸಿಟ್ಟಿತು. ಸಂಸ್ಕೃತದವರು ಇಂಥದೇ ಕೆಲಸಕ್ಕೆ ನಾಯಿಯ ಬದಲು ಹಾವನ್ನು ಕರೆದರು: ಸರ್ಪಚ್ಛತ್ರಕ.

ಈ ಸರ್ಪಚ್ಛತ್ರಕವೊಂದನ್ನು ಬಿಟ್ಟರೆ ಉಳಿದ ಬಗೆಗಳು ತಂಪು, ಸಿಹಿ, ಜೀರ್ಣಕ್ಕೆ ಭಾರ, ನೆಗಡಿ ತರುವಂಥವು ಎಂದು ಚರಕಸಂಹಿತೆ ಹೇಳುತ್ತದೆ. ಸುಶ್ರುತಸಂಹಿತೆ ಇನ್ನೂ ಸೂಕ್ಷ್ಮವಾಗಿ ಹುಟ್ಟುವ ಎಡೆಯಿಂದಲೇ ಅವನ್ನು ವಿಂಗಡಿಸುತ್ತದೆ: ಹುಲ್ಲಿನಲ್ಲಿ, ಕಬ್ಬಿನಲ್ಲಿ, ಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಹುಟ್ಟುವಂಥವು ಎಂದು. ವೈದ್ಯರು ಹೀಗೆ ಎಚ್ಚರದ ಅನುಮತಿ ಕೊಟ್ಟರೆ ಧರ್ಮಶಾಸ್ತ್ರಕಾರರು ಬಾಗಿಲನ್ನೇ ಮುಚ್ಚಿದರು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ವಿಜರಿಗೆ ಬೆಳ್ಳುಳ್ಳಿ ಈರುಳ್ಳಿಗಳ ಜೊತೆಗೆ ಅಣಬೆಯೂ ವರ್ಜ್ಯ. ಕಾಳಿದಾಸನ ಮೇಘವಂತೂ ತನ್ನ ಗುಡುಗಿನಿಂದಲೇ ಭೂಮಿಯಲ್ಲಿ ಶಿಲೀಂಧ್ರಗಳನ್ನು ಎಬ್ಬಿಸುತ್ತದೆ. (ವ್ಯಾಖ್ಯಾನಕಾರರು ಅದನ್ನು ಕಂದಲಿಯೆಂದು ಅರ್ಥಮಾಡಿದ್ದುಂಟು, ಗುಡುಗಿದರೆ ಅಲಂಬು ಏಳುತ್ತದೆಂದು ನಂಬಿದ ನಾಡಿನವನಾದ ನನಗೆ ಮೊದಲ ಅರ್ಥವೇ ರುಚಿಸುತ್ತದೆ.) ಕನ್ನಡಕ್ಕೆ ಬಂದರೆ, ಹದಿನಾರನೆಯ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿ ಬದನೆಗೆ ಒಂದು ಅಧ್ಯಾಯವುಂಟು, ಮಳೆಗಾಲದ ಕಾಡಿನ ಕಳಲೆಗೂ ಎಡೆಯುಂಟು, ಅಣಬೆಗೆಂದು ಒಂದು ಅಧ್ಯಾಯವಿಲ್ಲ. ಕವಿ ಜೈನನಾದುದರಿಂದ ಅದು ಸಹಜವೇ. ಅದೇ ಜೈನರ ಕಾರ್ಕಳದಲ್ಲಿ, 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಊರಿನಲ್ಲಿ, ಸುತ್ತಣ ಗುಡ್ಡೆಗಳ ಕಲ್ಲಣಬೆ ಇಂದು ಬುಟ್ಟಿಬುಟ್ಟಿಯಾಗಿ ಮಾರಾಟವಾಗುತ್ತದೆ. ಬರೆಯಬಲ್ಲವರು ತಿನ್ನಲಿಲ್ಲ, ತಿಂದವರು ಬರೆಯಲಿಲ್ಲ. ಗ್ರಂಥಗಳ ಮೌನಕ್ಕೆ ನನಗೆ ತೋರುವ ಕಾರಣ ಬಹುಮಟ್ಟಿಗೆ ಇಷ್ಟೇ.

ನಾನು ಹುಟ್ಟಿದ ಮನೆಯಲ್ಲಿಯೂ ಅಣಬೆ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ನನಗೆ ಅದರ ಪಾಠ ಹೇಳಿದವಳು ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ವೃದ್ಧೆ. ಯಾವುದು ಒಳ್ಳೆಯದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಅವಳು ಲಕ್ಷಣ ಹೇಳುತ್ತಿರಲಿಲ್ಲ, ಜಾಗ ಹೇಳುತ್ತಿದ್ದಳು: ಇಂಥ ಹುತ್ತ, ಇಂಥ ಮರದ ಬುಡ, ಇಂಥ ಗುಡ್ಡೆಯ ತೆಂಕಣ ಇಳಿಜಾರು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಎರಡು ಮಳೆಗಾಲ ಅತ್ತೆಯ ಹಿಂದೆ ನಡೆದು ನೋಡಿದ್ದಳಂತೆ. ಅಲ್ಲಿಯವರೆಗೆ ಸ್ವಂತ ಕೈಯಿಂದ ಒಂದನ್ನೂ ಕಿತ್ತವಳಲ್ಲ. ತವರಿನಲ್ಲಿ ಕಲಿತದ್ದು ತವರಿನ ಗುಡ್ಡೆಗೆ ಮಾತ್ರ ಎಂಬುದು ಅವಳ ನಿಯಮ. ಸುಶ್ರುತನ ಹೆಸರನ್ನು ಅವಳು ಕೇಳಿರಲಾರಳು. ಕ್ರಮ ಮಾತ್ರ ಅವನದೇ.

ಈ ಕ್ರಮಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಹುತ್ತದ ಅಣಬೆ ತಾನಾಗಿ ಬೆಳೆದದ್ದಲ್ಲ, ಗೆದ್ದಲಿನ ಬೇಸಾಯ. ಗೆದ್ದಲು ಅಗಿದು ತಂದ ಮರ, ತರಗೆಲೆಗಳ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಗಡುಸಾದ ಮರದ ಅಂಶವನ್ನು ಶಿಲೀಂಧ್ರ ಒಡೆದುಕೊಡುತ್ತದೆ, ಗೆದ್ದಲು ಅದನ್ನುಂಡು ಬದುಕುತ್ತದೆ. ಮಳೆ ಬಿದ್ದಾಗ ಹುತ್ತದೊಳಗಿನಿಂದ ಉದ್ದನೆಯ ಬೇರಿನಂಥ ಕಾಂಡದ ಮೇಲೆ ಚೂಪುತಲೆಯ ಕೊಡೆ ನೆಲವನ್ನು ಸೀಳಿಕೊಂಡು ಬರುತ್ತದೆ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ಕಲ್ಲಣಬೆಯದು, ಎಂದರೆ ಆಸ್ಟ್ರಿಯಸ್‌ನದು, ಮರದ ಬೇರುಗಳೊಡನೆ ಕೊಡುಕೊಳ್ಳುವ ಬದುಕು. ನಮ್ಮ ಕಿರಾಲುಬೋಗಿ ಅಂಥ ನಂಟಿಗೆ ಹೆಸರಾದ ಮರಗಳ ವಂಶದ್ದು. ಬಲಿತಾಗ ಹೊರಸಿಪ್ಪೆ ನಕ್ಷತ್ರದಂತೆ ಬಿರಿಯುತ್ತದೆ, ಒಳಗೆ ಕಪ್ಪುಹುಡಿ ತುಂಬುತ್ತದೆ. ಹೆಚ್ಚಿ ನೋಡಿ ಒಳಗು ಬಿಳಿಯಾಗಿದ್ದರೆ ಮಾತ್ರ ಅದು ಸುಕ್ಕಕ್ಕೂ ಗಸಿಗೂ ಯೋಗ್ಯ.

ಇದನ್ನು ಬಡವರ ಮಾಂಸವೆನ್ನುವುದುಂಟು. ಅಳತೆಯಿಟ್ಟು ಹೇಳುವುದಾದರೆ, ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. 100 ಗ್ರಾಮಿನಲ್ಲಿ ಪ್ರೋಟೀನು ಸುಮಾರು 3 ಗ್ರಾಮು, ಅರ್ಧ ಕೋಳಿಮೊಟ್ಟೆಯಷ್ಟು. ಒಣಗಿಸಿದರೆ ತೂಕದ ಕಾಲುಭಾಗದಷ್ಟು ಪ್ರೋಟೀನೆಂಬ ಲೆಕ್ಕ ಅನೇಕ ಜಾತಿಗಳಿಗೆ ಹೊಂದುತ್ತದೆ. ಮಾಂಸದ ಹೋಲಿಕೆ ಹುಟ್ಟಿದ್ದು ಅಲ್ಲಿಂದಿರಬೇಕು. ಕೊಬ್ಬು ತೀರ ಕಡಿಮೆ. ಪೊಟ್ಯಾಸಿಯಂ, ರಂಜಕ, ಬಿ ವರ್ಗದ ಕೆಲವು ಜೀವಸತ್ವಗಳು ಉಂಟು. ಬಿಸಿಲಿಗೆ ಹರಡಿದರೆ ಅದರೊಳಗಿನ ಎರ್ಗೊಸ್ಟೆರಾಲ್ ಡಿ ಜೀವಸತ್ವವಾಗುತ್ತದೆ. ಕೋಶಗಳ ಗೋಡೆ ಕೈಟಿನ್ ಆದುದರಿಂದ ಚೆನ್ನಾಗಿ ಬೇಯಲೇಬೇಕು. ಭಾರವೆಂದ ಚರಕನನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಸಿಗುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡಲು ಕೆರಳಿ ದೋಣಿಗಳು ದಡ ಸೇರಿ, ತರಕಾರಿ ಮಳೆಗೆ ಕೊಳೆತು, ಅಕ್ಕಿಯ ಮುಡಿ ಕರಗುತ್ತಿದ್ದ ಆ ತಿಂಗಳುಗಳಲ್ಲಿ ಮೂರು ಗ್ರಾಮು ಸಣ್ಣ ಸಂಖ್ಯೆಯಲ್ಲ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಅರಸಿನ ಹಾಕಿ ಬೇಯಿಸಿ ನೋಡು, ಬೆಳ್ಳಿಯ ಚಮಚ ಅದ್ದಿ ನೋಡು ಎಂಬ ಪರೀಕ್ಷೆಗಳನ್ನು ಓದುಬಲ್ಲವರೂ ನಂಬುತ್ತಾರೆ. ಅವು ಬರೀ ಸುಳ್ಳು. ಅಮಾನಿಟ ಕುಲದ ಕೆಲವು ಅಣಬೆಗಳ ವಿಷ ಬೇಯಿಸಿದರೆ ಹೋಗದು. ತಿಂದು ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿಭೇದಿ ತೊಡಗಿ, ಮುಂದೆ ಯಕೃತ್ತನ್ನೇ ಕೆಡಿಸುತ್ತದೆ. ಲಾವೋಸಿನಿಂದ ಕ್ಯಾಲಿಫೋರ್ನಿಯಕ್ಕೆ ಹೋದ ನಿರಾಶ್ರಿತರು 1981ರಲ್ಲಿ ಕಾಡಿನ ಅಣಬೆ ತಿಂದು ಆಸ್ಪತ್ರೆ ಸೇರಿದರು. ಅಣಬೆ ಅರಿಯದ ಜನ ಅವರಲ್ಲ. ಏಷ್ಯದವರಿಗೆ ಚಿರಪರಿಚಿತವಾದ ಬತ್ತದ ಹುಲ್ಲಿನ ಅಣಬೆಯ ಎಳೆಮೊಗ್ಗನ್ನೇ ಹೋಲುವ ಮಾರಕ ಅಮಾನಿಟ ಅಮೆರಿಕದ ಆ ಕಾಡುಗಳಲ್ಲಿ ಬೆಳೆಯುತ್ತದೆ. ನಮ್ಮ ವೃದ್ಧೆ ಅತ್ತೆಯ ಹಿಂದೆ ಎರಡು ಮಳೆಗಾಲ ಏಕೆ ನಡೆದಳೆಂಬುದು ಇದನ್ನೋದಿದಾಗ ನನಗೆ ಮನದಟ್ಟಾಯಿತು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕೆ. ಆರ್. ಶ್ರೀಧರ್ ಅವರೂ ಅವರ ಶಿಷ್ಯರೂ ಈ ಕರಾವಳಿಯ ಕಾಡಣಬೆಗಳನ್ನು ಗುರುತಿಸಿ, ಅವುಗಳ ಪೌಷ್ಟಿಕಾಂಶವನ್ನೂ ಅಳೆದಿದ್ದಾರೆ. ಅಂಗಡಿಯ ಬಿಳಿಯ ಗುಂಡಿ ಅಣಬೆಯಂತೆ ಹುತ್ತದ ಅಲಂಬನ್ನಾಗಲಿ ಕಲ್ಲಲಂಬನ್ನಾಗಲಿ ಕೊಠಡಿಯಲ್ಲಿ ಬೆಳೆಸಿ ಮಾರುಕಟ್ಟೆಗೆ ತರುವುದು ಇನ್ನೂ ಸಾಧ್ಯವಾಗಿಲ್ಲ. ಒಂದಕ್ಕೆ ಗೆದ್ದಲು ಬೇಕು, ಇನ್ನೊಂದಕ್ಕೆ ಜೀವಂತ ಬೇರು ಬೇಕು. ವೃದ್ಧೆ ನನಗೆ ತೋರಿಸಿದ ತೆಂಕಣ ಇಳಿಜಾರಿನಲ್ಲಿ ಈಗ ಕೆಂಪುಕಲ್ಲಿನ ಕೋರೆಯಿದೆ. ಅವಳ ಮೊಮ್ಮಗಳು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಕಲ್ಲಣಬೆಯನ್ನು ಮಾರುಕಟ್ಟೆಯಿಂದ ಕೊಂಡೊಯ್ಯುತ್ತಾಳೆ.